ಎರಡು-ನಾಲ್ಕರ ಬಳೆ

ಹಳಿಯಾಳದಿಂದ ಹೆಣ್ಣು ನೋಡಲು ಬಂದ ಶಮಶಾದಬಿ ಮೆಹರೀನಳ ಮುಖ ನೋಡಿದ್ದು ಕಡಿಮೆ, ಕೈ ನೋಡಿದ್ದೇ ಹೆಚ್ಚು. ಚಹಾದ ಟ್ರೇ ಕೆಳಗಿಟ್ಟದ್ದೇ ತಡ, ಹುಡುಗಿಯ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಪರ್ಸಿನಿಂದ ಎರಡು ಹಸಿರು ಗಾಜಿನ ಬಳೆ ಹೊರತೆಗೆದಳು. ಸಂಬಂಧ ಕುದುರುವ ಹೊತ್ತಿಗೆ ಹುಡುಗಿಯ ಬಳೆಯ ಅಳತೆ ತೆಗೆದುಕೊಂಡು ಹೋಗುವುದು ಆ ಕಡೆಯ ರೂಢಿ. ಉಳಿದವರು ಹುಡುಗಿಯದೇ ಹಳೆಯ ಬಳೆಯೊಂದನ್ನು ಕೇಳಿ ಒಯ್ಯುತ್ತಾರೆ. ಶಮಶಾದಬಿ ಹಾಗಲ್ಲ. ಅವಳು ತನ್ನ ಹಿರಿಯ ಸೊಸೆಯ ಬಳೆಯನ್ನೇ ತಂದಿದ್ದಳು. ಅಳತೆ ಎರಡು-ನಾಲ್ಕು, ಸಣ್ಣ ಕೈಯವರದು.

"ನಮ್ಮ ಮನಿ ಸೊಸ್ಯಾರಿಗೆ ಇದ ಅಳತಿ," ಎಂದಳು, ಅದೇನೋ ತಲೆತಲಾಂತರದಿಂದ ಬಂದ ಕಾನೂನು ಎನ್ನುವ ಹಾಗೆ.

ಮೆಹರೀನಳದು ಎರಡು-ಹತ್ತು. ಬಳೆ ಅಂಗಡಿಯವರು ಮುಂದೆ ಇಡದೆ ಒಳಗಿನ ಡಬ್ಬಿಯಿಂದ ಹುಡುಕಿ ಕೊಡುವ ಅಳತೆ. ಬಳೆ ಅವಳ ಬೆರಳ ಗೆಣ್ಣುಗಳ ಮೇಲೆಯೇ ನಿಂತುಬಿಟ್ಟಿತು. "ಸಾಬೂನ ತರ್ರಿ," ಎಂದಳು ಶಮಶಾದಬಿ. ಮೆಹರೀನಳ ತಾಯಿ ಗುಲ್ಶನ ಓಡಿಹೋಗಿ ಬಚ್ಚಲಿನ ಸಾಬೂನು ತಂದಳು. ಹೆತ್ತ ತಾಯಿಯೇ ಮಗಳ ಕೈಗೆ ನೊರೆ ಹಚ್ಚಿಕೊಟ್ಟಳು. ಸಂತೆಯಲ್ಲಿ ಎಮ್ಮೆಯ ಕೆಚ್ಚಲು ಹಿಂಡಿ ನೋಡುವವರಾದರೂ ಅದರ ಬೆನ್ನು ಸವರಿ ಸಮಾಧಾನ ಮಾಡುತ್ತಾರೆ. ಇಲ್ಲಿ ಅದೂ ಇರಲಿಲ್ಲ. ಶಮಶಾದಬಿ ಹೆಬ್ಬೆರಳನ್ನು ಒಳಕ್ಕೆ ಮಡಚಿ ಒತ್ತಿದಳು. ಬಳೆ ಚಟ್ಟೆಂದು ಒಡೆದು ಹೆಬ್ಬೆರಳ ಬುಡದಲ್ಲಿ ರಕ್ತ ಬಂತು.

ಹೆಣ್ಣು ನೋಡುವ ಹೊತ್ತಿಗೆ ಬಳೆ ಒಡೆಯಿತಲ್ಲಾ ಎಂದು ಗುಲ್ಶನ ಎದೆ ಹಿಡಿದುಕೊಂಡಳು. ಹುಡುಗ ಸಾಬೀರ, ಹಳಿಯಾಳ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವನು, ಮೊಬೈಲಿನಿಂದ ತಲೆ ಎತ್ತಿ ನೋಡಿ ಮತ್ತೆ ತಲೆ ತಗ್ಗಿಸಿದ. ಶಮಶಾದಬಿ ತನ್ನ ಬೆರಳಿಗೆ ಹತ್ತಿದ ನೊರೆಯನ್ನು ಮೆಹರೀನಳ ದುಪಟ್ಟಾದ ಅಂಚಿಗೇ ಒರೆಸಿದಳು.

"ಹುಡುಗಿ ಛಲೋ ಅದಾಳ, ಗುಲ್ಶನ. ಮಾರಿ ಲಕ್ಷಣ ಐತಿ. ಮೈ ಒಂದ ಇಳೀಬೇಕು. ನಾವೇನ ಒಲ್ಲೆ ಅನ್ನಾಕತ್ತಿಲ್ಲ. ಇನ್ನೊಂದ ಬಳಿ ಇಲ್ಲೇ ಇರ್ಲಿ. ಇದು ಏರಿದ ದಿನ ಫೋನ್ ಮಾಡ್ರಿ, ಬರ್ತೇವಿ."

ಗುಲ್ಶನ ಆ ಬಳೆಯನ್ನು ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದಳು. ಊಟಕ್ಕೆ ಕುಳಿತವರ ಕಣ್ಣಿಗೆ ನೇರವಾಗಿ ಬೀಳುವ ಜಾಗ ಅದು.

ಮೆಹರೀನಳ ತಂದೆ ಬಾಬಾಜಾನನದು ದಾಂಡೇಲಿಯಲ್ಲಿ ಕುಳಗಿ ಕಡೆ ಹೋಗುವ ರಸ್ತೆಗೆ ಒಂದು ಗ್ಯಾರೇಜು. ಅದರ ಹಿಂದೆಯೇ ಮನೆ. ಕಾಡಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳೆಲ್ಲ ಅವನ ಕೈಯಲ್ಲೇ ರಿಪೇರಿ. ಗಂಡು ಮಕ್ಕಳಿಲ್ಲದ ಆ ಮನೆಯಲ್ಲಿ ಮೆಹರೀನ ಚಿಕ್ಕವಳಿದ್ದಾಗಿನಿಂದಲೇ ಅಬ್ಬಾನಿಗೆ ನಟ್ಟು ಬಿಚ್ಚುವ ಪಾನಾ ಕೊಟ್ಟು, ಜಾಕು ತಿರುವಿ, ಜೀಪಿನ ಟೈರನ್ನು ಒಬ್ಬಳೇ ಉರುಳಿಸಿಕೊಂಡು ಬಂದು ಬೆಳೆದವಳು. ಕೈ ದೊಡ್ಡದಾಗದೆ ಇನ್ನೇನಾದೀತು? ಆಗ ಅದೇ ಕೈಯನ್ನು ಬಂದ ಡ್ರೈವರುಗಳೆಲ್ಲ ಹೊಗಳುತ್ತಿದ್ದರು. ಹುಡುಗಿ ದೊಡ್ಡವಳಾದ ಮೇಲೆ ಅವರೇ "ಬಾಬಾಜಾನ, ಮಗಳಿಗೆ ಒಂದ ಹೊತ್ತು ಊಟ ಕಡಿಮಿ ಮಾಡ್ಸಪಾ" ಎಂದು ನಗತೊಡಗಿದರು. ಪರರ ಮಗಳ ಊಟದ ತಟ್ಟೆಯಲ್ಲಿ ಇಣುಕಿ ನೋಡಲು ಈ ಜನಕ್ಕೆ ನಾಚಿಕೆ ಎನ್ನುವುದೇ ಇಲ್ಲ.

ಹೈಸ್ಕೂಲಿನಲ್ಲಿ ಅವಳ ಹೆಸರು ಲಾರಿ. ಕಾಲೇಜಿಗೆ ಬಂದಾಗ ಟೆಂಪೋ ಆಯಿತು. ಅದನ್ನೇ ಒಂದು ಉಪಕಾರ ಎಂದುಕೊಳ್ಳಬೇಕಿತ್ತು. ಬಿ.ಕಾಂ. ಎರಡನೇ ವರ್ಷದ ಆ ತರಗತಿಯಲ್ಲಿ ಪಾಠಕ್ಕಿಂತ ಹೆಚ್ಚು ನಡೆಯುತ್ತಿದ್ದದ್ದು ಮೈಯ ಮಾತು. ಯಾರ ಸೊಂಟ ಎಷ್ಟು, ಯಾರ ಬಣ್ಣ ಎಷ್ಟು, ಯಾರ ಫೋಟೋ ಎಷ್ಟು ತಿದ್ದಿದ್ದು. ಜಿಮ್ಮಿಗೆ ಹೋಗುವ ರುದ್ರೇಶನೆಂಬ ಹುಡುಗ ಬೆಂಚಿನ ಮೇಲೆ ತೋಳು ಮಡಚಿ ಇಟ್ಟುಕೊಂಡು, ಅದನ್ನು ತಾನೇ ನೋಡಿಕೊಳ್ಳುತ್ತ ಕೂರುತ್ತಿದ್ದ. ಅವನ ಮೈಯಿಂದ ಹಸಿ ಮೊಟ್ಟೆಯ ವಾಸನೆ ಬರುತ್ತಿತ್ತು. ಮೆಹರೀನಳಿಗೆ ಅವರೆಲ್ಲರ ಮೇಲೂ ಹೇಸಿಗೆ. ಆದರೆ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತರೆ ತನ್ನ ಮೇಲೆಯೇ ಅದಕ್ಕಿಂತ ಹೆಚ್ಚು ಹೇಸಿಗೆ. ಜಗತ್ತು ಹೀಗೆಯೇ, ತನ್ನ ಹೊಲಸನ್ನು ನಮ್ಮ ಮೈಗೆ ಒರೆಸಿ, ಗಬ್ಬು ನಾರುತ್ತೀಯಲ್ಲಾ ಎಂದು ನಮ್ಮನ್ನೇ ಕೇಳುತ್ತದೆ.

ಬಳೆ ತೂಗುಹಾಕಿದ ದಿನದಿಂದ ಅವಳು ರೊಟ್ಟಿ ಬಿಟ್ಟಳು, ಅನ್ನ ಬಿಟ್ಟಳು. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹತ್ತಿರದ ಗಾಡಿಯಲ್ಲಿ ಹೆಚ್ಚಿಟ್ಟ ಹಣ್ಣಿನ ಒಂದು ಪ್ಲೇಟು ತಿಂದರೆ ಅದೇ ಊಟ. ಪಪ್ಪಾಯಿ, ಕಲ್ಲಂಗಡಿ, ಸೌತೆಕಾಯಿ. ಹಣ್ಣಿನ ಮೇಲೆ ನೊಣ ಎದ್ದೆದ್ದು ಕೂರುತ್ತಿದ್ದವು. ಗಾಡಿಯವನು ಚೂರಿಯನ್ನು ಒಂದೇ ಬಕೆಟ್ಟಿನ ಕಂದು ನೀರಿನಲ್ಲಿ ದಿನವಿಡೀ ಅದ್ದುತ್ತಿದ್ದ. ಆದರೆ ಹಣ್ಣು ತಿಂದರೆ ಮೈ ಇಳಿಯುತ್ತದೆ ಎಂದು ಮೊಬೈಲು ಹೇಳಿತ್ತು. ಬಕೆಟ್ಟಿನ ವಿಷಯ ಅದರಲ್ಲಿ ಯಾರೂ ಹೇಳಿರಲಿಲ್ಲ.

ಮಳೆ ಹಿಡಿದುಕೊಂಡಾಗ ಕಾಲೇಜಿನಲ್ಲಿ ಟೈಫಾಯಿಡ್ ಲಸಿಕೆಯ ಶಿಬಿರ ಇಟ್ಟರು. ಯಾವುದೋ ಸೇವಾ ಸಂಸ್ಥೆಯವರು ಪುಕ್ಕಟೆ ಹಾಕಿಸುವವರಿದ್ದರು. ಮೇಲಿನ ದೊಡ್ಡ ಕೋಣೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸು, ಐಸ್ ತುಂಬಿದ ಡಬ್ಬಿ. ಕೆಳಗೆ ಕಟ್ಟೆಯ ಮೇಲೆ ಮಾತ್ರ ಸಭೆಯೇ ಸೇರಿತ್ತು.

"ನಾ ಒಲ್ಲೆಪಾ," ಎಂದ ರುದ್ರೇಶ. "ಸೂಜಿ ಚುಚ್ಚಿದ್ರ ವಾರಗಟ್ಲೆ ವರ್ಕೌಟ್ ಬಂದ್. ತೋಳ ಇಳದ ಬಿಡ್ತಾವ."

"ನನ್ನ ಅಕ್ಕನ ಮದವಿ ಐತಿ, ತೋಳಿಲ್ಲದ ಬ್ಲೌಸ್ ಹೊಲಿಯಾಕ ಹಾಕೇನಿ. ಕಲೆ ಬಿದ್ರ?" ಎಂದಳು ಒಬ್ಬಳು.

"ಕಲೆ ಹೋಗ್ಲಿ ಬಿಡ, ಅದರಿಂದ ಮೈ ಬರ್ತೈತಂತ," ಎಂದಳು ಇನ್ನೊಬ್ಬಳು. "ಮುಂಡಗೋಡದಾಗ ನಮ್ಮ ಚಿಕ್ಕಪ್ಪನ ಮಗಳು ಇಂಥದ್ದ ಯಾವುದೋ ಹಾಕ್ಸ್ಕೊಂಡು ಹೆಂಗ ಉಬ್ಬ್ಯಾಳ ಅಂದ್ರ, ಗುರ್ತ ಹತ್ತಂಗಿಲ್ಲ."

ಯಾವ ಮಗಳು, ಯಾವ ಲಸಿಕೆ, ಯಾವಾಗ? ಯಾರೂ ಕೇಳಲಿಲ್ಲ. ಜ್ವರ ಬಂದು ಸತ್ತವರ ಸುದ್ದಿಗೆ ಹೆದರದ ಹುಡುಗಿಯರು ಉಬ್ಬಿದವಳ ಸುದ್ದಿಗೆ ಹೆದರಿ ಬಿಳಿಚಿಕೊಂಡರು. ಬದುಕಿ ದಪ್ಪಗಾಗುವುದಕ್ಕಿಂತ ಸತ್ತು ತೆಳ್ಳಗಾಗುವುದೇ ಮೇಲು ಎನ್ನುವಂಥ ಬುದ್ಧಿಯನ್ನು ಇವರ ತಲೆಗೆ ತುಂಬಿದವರು ಯಾರೋ, ಅವರ ಮುಖಕ್ಕೆ ಉಗಿಯಬೇಕು.

ಆದರೂ ಮೆಹರೀನ ಹೋದಳು. ಅವಳನ್ನು ಎಳೆದುಕೊಂಡು ಹೋದವಳು ಗೆಳತಿ ಜ್ಯೋತಿ, ಚಿಗಳ್ಳಿಯಿಂದ ಬಂದು ಹಾಸ್ಟೆಲ್ಲಿನಲ್ಲಿ ಓದುವ ಹುಡುಗಿ. ಜ್ಯೋತಿ ತೋಳು ಕೊಟ್ಟು, ಒಂದು ಸಲ "ಸ್" ಎಂದು, ಹತ್ತಿ ಒತ್ತಿಕೊಂಡು ಪಕ್ಕಕ್ಕೆ ಸರಿದಳು. ಮೆಹರೀನಳ ಪಾಳಿ ಬಂತು. ಕಣ್ಣ ಮುಂದೆ ಮೊಳೆಗೆ ತೂಗುವ ಬಳೆ. ಅವಳು ಬಗ್ಗಿ, ನರ್ಸಿಗೆ ಮಾತ್ರ ಕೇಳುವ ಹಾಗೆ ಕೇಳಿದಳು:

"ಸಿಸ್ಟರ್, ಇದರಿಂದ ಮೈ ಬರ್ತೈತೇನ್ರಿ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ನರ್ಸು ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಇಡೀ ಕೋಣೆಗೆ ಕೇಳುವ ಹಾಗೆ ಅಂದಳು, "ನಿಂಗಿನ್ನೂ ಎಲ್ಲೆ ಬರಬೇಕವಾ ಮೈ? ಜಾಗಾರ ಎಲ್ಲೈತಿ?"

ಪಾಳಿಯಲ್ಲಿದ್ದವರೆಲ್ಲ ನಕ್ಕರು. ಡಾಕ್ಟರು ಕಾಗದದ ಮೇಲೆ ತಲೆ ಬಗ್ಗಿಸಿಕೊಂಡೇ ಮುಗುಳ್ನಕ್ಕರು. ಏರಿಸಿದ ತೋಳಿನ ಬಟ್ಟೆಯನ್ನು ಇಳಿಸಿಕೊಂಡು ಮೆಹರೀನ ಹೊರಗೆ ನಡೆದಳು. "ಲೇ ಮೆಹರೂ, ಹಾಕ್ಸ್ಕೊಂಡ ಹೋಗ!" ಎಂದು ಜ್ಯೋತಿ ಮೆಟ್ಟಿಲ ತನಕ ಕೂಗಿದಳು. ಅವಳು ತಿರುಗಿ ನೋಡಲಿಲ್ಲ. ಅಷ್ಟು ಜನರ ನಗುವಿನ ನಡುವೆ ಮತ್ತೆ ಆ ತೋಳನ್ನು ಬಿಚ್ಚಿ ತೋರಿಸುವುದು ಅವಳಿಂದಾಗಲಿಲ್ಲ.

ಜ್ವರ ಮೆಲ್ಲಗೆ ಬಂತು. ಮೊದಲು ತಲೆನೋವು, ಆಮೇಲೆ ಸಂಜೆಯ ಹೊತ್ತು ಮೈ ಬಿಸಿ. ಹಸಿವು ಸತ್ತುಹೋಯಿತು. ಮೆಹರೀನಳಿಗೆ ಭಯವಾಗಬೇಕಿತ್ತು, ಆದದ್ದು ಸಂತೋಷ. ಬೆಲ್ಲದ ಡಬ್ಬಿ ನೋಡಿದರೂ ಬಾಯಲ್ಲಿ ನೀರೂರುತ್ತಿರಲಿಲ್ಲ. ಕೊನೆಗೂ ಮನಸ್ಸು ಹಿಡಿತಕ್ಕೆ ಬಂತು ಎಂದುಕೊಂಡು ಅವಳು ಯಾರಿಗೂ ಹೇಳದೆ ಜ್ವರದ ಗುಳಿಗೆ ನುಂಗಿ ಕಾಲೇಜಿಗೆ ಹೋದಳು.

ಗುಲ್ಶನಳ ಕಣ್ಣಿಗೂ ಮಗಳ ಗಲ್ಲ ಇಳಿದದ್ದು ಕಂಡಿತು. ಕಣ್ಣ ಕೆಳಗಿನ ಕಪ್ಪು ಮಾತ್ರ ಕಾಣಲಿಲ್ಲ. ಬೆಳಿಗ್ಗೆ ಮಗಳು ಮಗ್ಗುಲಾಗಿ ಮಲಗಿದ್ದಾಗ ಮೊಳೆಯಿಂದ ಬಳೆ ತೆಗೆದು ಅವಳ ಬೆರಳುಗಳಿಗೆ ತೊಡಿಸಿ ನೋಡಿದಳು. ಅಂದು ತಡೆದಿದ್ದ ಗೆಣ್ಣುಗಳನ್ನು ಸಾಬೂನಿಲ್ಲದೆ ದಾಟಿತು. ಕೈ ಕೆಂಡದಂತೆ ಸುಡುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲವೇ? ತಿಳಿಯಿತು. ರಗ್ಗಿನ ಕಾವು ಎಂದುಕೊಂಡಳು. ಬಳೆಗೆ ಮುತ್ತಿಟ್ಟು ಮತ್ತೆ ಮೊಳೆಗೆ ಹಾಕಿದಳು. ತಾಯಿಯ ಪ್ರೀತಿ ಎಂಬುದರೊಳಗೆ ಇಂಥ ಅಸಹ್ಯವೂ ಸೇರಿಕೊಂಡಿರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅದು ಕಾಯಿಲೆ ಎಂದು ಕಂಡವನು ಬಾಬಾಜಾನ. ಗ್ಯಾರೇಜಿನಲ್ಲಿ ಪಾನಾ ಕೇಳಿದಾಗ ಮಗಳ ಕೈಯಿಂದ ಅದು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲೇ ಇಲ್ಲ. ಅವನು ಗಿರಾಕಿಯ ಜೀಪಿನಲ್ಲಿಯೇ ಅವಳನ್ನು ಹಾಕಿಕೊಂಡು ಆಸ್ಪತ್ರೆಗೆ ಹೊಡೆದ. ಅಲ್ಲಿಂದ ಧಾರವಾಡಕ್ಕೆ. ಟೈಫಾಯಿಡ್ ಕರುಳಿಗೆ ಇಳಿದಿತ್ತು. ಮಲದಲ್ಲಿ ರಕ್ತ ಹೋಗುತ್ತಿತ್ತು. ತನ್ನ ಮೈಯ ವಾಸನೆಗೆ ತಾನೇ ವಾಕರಿಸುತ್ತ, ಬೇರೆಯವರ ಕೈಯಿಂದ ತೊಳೆಸಿಕೊಳ್ಳುತ್ತ ಮೆಹರೀನ ಆ ಮಂಚದ ಮೇಲೆ ಬಿದ್ದಿದ್ದಳು. ಹೊರಗಿನದು ಏನು ತಿಂದೆ ಎಂದು ಡಾಕ್ಟರು ಕೇಳಿದಾಗ, "ಹಣ್ಣಿನ ಪ್ಲೇಟ್ ರೀ, ದಿನಾ" ಎಂದಳು. ಲಸಿಕೆ ಹಾಕಿಸಿಕೊಂಡಿದ್ದೆಯಾ ಎಂದು ಕೇಳಿದಾಗ ಗೋಡೆಯ ಕಡೆ ತಿರುಗಿದಳು.

ಬದುಕಿದಳು. ಬಿಟ್ಟು ಕಳಿಸುವಾಗ ಡಾಕ್ಟರು ಗುಲ್ಶನಳಿಗೆ ಬಿಡಿಸಿ ಹೇಳಿದರು, "ಮೆತ್ತಗಿಂದು ಏನೈತಿ ಎಲ್ಲಾ ತಿನ್ನಿಸ್ರಿ. ಅನ್ನಾ, ತತ್ತಿ, ಬಾಳೆಹಣ್ಣು. ಹೋದ ಮೈ ತಿರುಗಿ ಬರಬೇಕು. ಇದು ಒಮ್ಮೆ ಬಂದ್ರ ಮತ್ತ ಬರಂಗಿಲ್ಲ ಅಂತಿಲ್ಲ. ಪೂರ್ತಿ ಆರಾಮ ಆದಮ್ಯಾಲ ಲಸಿಕೆ ಹಾಕಿಸ್ರಿ."

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ, ಜನರ ಮೆಚ್ಚುಗೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವ ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದರೆ, ಓಣಿಯ ಹೆಂಗಸರು ನಿಂತು ನಿಂತು ನೋಡಿದರು. "ಎಷ್ಟ ಚಂದ ಆಗೀಯೇ ಮೆಹರೀನ!" "ಈಗ ನೋಡು, ಹುಡಿಗಿ ಅನ್ನಂಗ ಕಾಣ್ತಾಳ." ಹಾಗಾದರೆ ಇಷ್ಟು ವರ್ಷ ಏನು ಕಂಡಿದ್ದಳೋ! ಲಾರಿ ಎಂದವರೂ ಬಂದು ಹೊಗಳಿದರು. ಕಾಲೇಜಿನ ಹುಡುಗಿಯೊಬ್ಬಳು, ತೋಳಿಲ್ಲದ ಬ್ಲೌಸಿನವಳು, ಹಾಸಿಗೆಯ ಅಂಚಿನಲ್ಲಿ ಕುಳಿತು ಪಿಸುದನಿಯಲ್ಲಿ ಕೇಳಿದಳು, "ಎಷ್ಟ ಕಿಲೋ ಹೋತು?"

"ಗೊತ್ತಿಲ್ಲ. ರಕ್ತ ಹೋತು."

"ಆದ್ರೂ ನಿನ್ನ ನಸೀಬ ಛಲೋ ಬಿಡ," ಎಂದು ಅವಳು ನಿಟ್ಟುಸಿರು ಬಿಟ್ಟಳು. "ನನಗೂ ಒಮ್ಮೆ ಬಂದ ಹೋಗಬೇಕಾಗಿತ್ತು ನೋಡು."

ಮೆಹರೀನ ರಗ್ಗನ್ನು ತಲೆಯ ತನಕ ಎಳೆದುಕೊಂಡಳು. ಆಸ್ಪತ್ರೆಯ ಬೆಡ್‌ಪ್ಯಾನಿನ ಮುಂದೆಯೂ ಅವಳಿಗೆ ಅಷ್ಟು ಹೇಸಿಗೆ ಆಗಿರಲಿಲ್ಲ.

ಅಷ್ಟರಲ್ಲಿ ಕೂದಲು ಉದುರತೊಡಗಿತು. ಬಾಚಿದರೆ ಹಣಿಗೆಯ ತುಂಬ, ತಲೆದಿಂಬಿನ ತುಂಬ, ಬಚ್ಚಲಿನ ಜಾಲರಿಯ ತುಂಬ. ಟೈಫಾಯಿಡ್ ಆದವರಿಗೆ ಹೀಗಾಗುತ್ತದೆ, ತಿರುಗಿ ಬರುತ್ತದೆ ಎಂದಿದ್ದರು. ನೆತ್ತಿಯ ಮೇಲೆ ಅಲ್ಲಲ್ಲಿ ಚರ್ಮ ಕಂಡಿತು. ಅವಳು ದುಪಟ್ಟಾ ಬಿಗಿದುಕೊಂಡಳು. ತೆಳ್ಳಗಾದ ಮುಖವೊಂದೇ ಜನರಿಗೆ ಕಾಣುತ್ತಿತ್ತು.

ಒಂದು ಮುಂಜಾನೆ ಎದ್ದರೆ ಕೈಯಲ್ಲಿ ಹಸಿರು ಬಳೆ. ಸಾಬೂನಿಲ್ಲ, ಒತ್ತಿಲ್ಲ, ತೋಳೆತ್ತಿದರೆ ಮೊಣಕೈ ತನಕ ಜಾರುತ್ತಿತ್ತು. ಗುಲ್ಶನ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಏರೇತಿ ಬೇಟಿ, ಏರೇತಿ. ಹಳಿಯಾಳಕ್ಕ ಫೋನ್ ಮಾಡೇನಿ. ಜುಮ್ಮಾ ದಿನ ಬರ್ತಾರಂತ."

"ಅಮ್ಮಿ, ನಾ ಸಾಯಾಕ ಹತ್ತಿದ್ದೆ," ಎಂದಳು ಮೆಹರೀನ.

"ಹಂಗ ಅನಬ್ಯಾಡ. ಅಲ್ಲಾ ಉಳಿಸ್ಯಾನಲ್ಲಾ."

ತಾಯಿಯ ಮೇಲೆ ಸಿಟ್ಟು ಮಾಡಬೇಕೆಂದರೆ ಆ ಒದ್ದೆ ಕಣ್ಣು ಬಿಡಲಿಲ್ಲ. ಮಗಳು ತಿರಸ್ಕಾರಕ್ಕೆ ಗುರಿಯಾದ ಸಂಕಟವನ್ನು ಗುಲ್ಶನ ದಿನವೂ ಊಟದ ಜೊತೆ ನುಂಗಿದವಳು. ಅದಕ್ಕೇ ಮೆಹರೀನ ಬಳೆ ತೆಗೆಯದೆ ಎದ್ದು ಹೋಗಿ ಮುಖ ತೊಳೆದಳು. ಹೇಸಿಗೆ ಮಾತ್ರ ತೊಳೆದುಹೋಗಲಿಲ್ಲ.

ಶುಕ್ರವಾರ ಶಮಶಾದಬಿ ಬಂದಳು. ಸಾಬೀರನೂ ಬಂದ, ಅವನ ಮೊಬೈಲೂ ಬಂತು. ಗುಲ್ಶನ ತುಪ್ಪ, ದ್ರಾಕ್ಷಿ ಹಾಕಿ ಶಿರಾ ಮಾಡಿದ್ದಳು. ನೋಡಲು ಬಂದವರ ಮುಂದೆ ಹುಡುಗಿ ತಟ್ಟೆ ಇಡಬೇಕು, ತಾನು ಮುಟ್ಟಬಾರದು, ಕರೆದರೆ ಕೂರಬೇಕು. ಮೆಹರೀನ ಶಿರಾದ ತಟ್ಟೆಗಳನ್ನು ಟ್ರೇಯಲ್ಲಿ ತಂದಿಟ್ಟಳು. ಶಮಶಾದಬಿ ಅವಳ ಕೈ ಹಿಡಿದು, ಬಳೆಯನ್ನು ಮೇಲಕ್ಕೆ ಒಮ್ಮೆ, ಕೆಳಕ್ಕೆ ಒಮ್ಮೆ ಸರಿಸಿ ಆಡಿಸಿದಳು. ಅವಳ ಮುಖ ಅರಳಿತು.

"ಮಾಷಾ ಅಲ್ಲಾ! ಜ್ವರದ ನೆವ ಮಾಡಿ ಅಲ್ಲಾನ ನಮ್ಮ ಸೊಸಿನ್ನ ತಿದ್ದಿ ಕೊಟ್ಟಾನ ನೋಡ್ರಿ. ನಾವು ಹೇಳಿದ್ರ ಆಗ್ತಿತ್ತೇನ ಇದು?"

ಸಾಬೀರ ತಲೆ ಎತ್ತಿ, "ಈಗ ಅಡ್ಡಿ ಇಲ್ಲಮ್ಮಿ," ಎಂದ. ಅಂಗಡಿಗೆ ಹೊಸ ಮಾಲು ಬಂದಾಗಲೂ ಅವನು ಹೀಗೇ ಅನ್ನುತ್ತಿದ್ದಿರಬೇಕು.

ಮೆಹರೀನ ದುಪಟ್ಟಾ ತೆಗೆದಳು. ಬಂದವರ ಮುಂದೆ ನೆತ್ತಿಯ ಬೋಳು ಬಯಲಾದದ್ದಕ್ಕೆ ಗುಲ್ಶನ "ಯಾ ಅಲ್ಲಾ" ಎಂದು ಬಾಯಿ ಮುಚ್ಚಿಕೊಂಡಳು. ಇಷ್ಟು ನೋಡಿದ ಮೇಲಾದರೂ ಈಕೆ ನನಗೇನಾಗಿತ್ತು ಎಂದು ಕೇಳುತ್ತಾಳೋ ಎಂದು ಮೆಹರೀನ ಕಾದಳು. ಶಮಶಾದಬಿ ಕ್ಷಣ ಹೊತ್ತು ನೋಡಿದಳು. ಆಮೇಲೆ ಕೈ ಬೀಸಿದಳು.

"ಕೂದ್ಲಾ ಬರ್ತಾವ ಬಿಡು. ಹೆಂಗೂ ಮ್ಯಾಲ ದುಪಟ್ಟಾ ಇರತೈತಿ. ಮೈ ಒಂದ ತಿರುಗಿ ಬರಬಾರ್ದು. ನಿಕಾಹ್ ಆಗೂತನಾ ಆಕಿಗೆ ತುಪ್ಪಾ ಗಿಪ್ಪಾ ಕೊಡಬ್ಯಾಡ್ರಿ ಗುಲ್ಶನ, ಇಷ್ಟ ಇರ್ಲಿ. ಈಗ ಛಲೋ ಐತಿ."

ಈಗ ಛಲೋ ಐತಿ. ರಕ್ತ ಹೋಗಿ, ಕೂದಲು ಹೋಗಿ, ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾದ ಈಗ. ಇವರು ಬಯಸುವುದು ಇಷ್ಟನ್ನೇ ಎಂದು ಅವಳಿಗೆ ಸ್ಪಷ್ಟವಾಯಿತು. ಇವರಿಗೆ ಹುಡುಗಿಯಲ್ಲ, ಹುಡುಗಿಯ ಉಳಿಕೆ ಸಾಕು. ಅದುವರೆಗೆ ತನ್ನ ಮೈಯ ಮೇಲಿದ್ದ ಹೇಸಿಗೆಯೆಲ್ಲ ಜಾಗ ಬದಲಿಸಿ ಎದುರಿನ ಕುರ್ಚಿಗಳ ಮೇಲೆ ಹೋಗಿ ಕೂತಿತು.

ಅವಳು ಕೈ ಕೆಳಗೆ ಮಾಡಿದಳು. ಬಳೆ ತಾನಾಗಿಯೇ ಜಾರಿ ಅಂಗೈಗೆ ಬಂತು. ಅದನ್ನು ಶಮಶಾದಬಿಯ ಮುಂದಿನ ಟ್ರೇಯಲ್ಲಿ ಇಟ್ಟಳು. ಆಮೇಲೆ ಅದೇ ಟ್ರೇಯಿಂದ ಶಿರಾದ ತಟ್ಟೆ ಎತ್ತಿಕೊಂಡು, ಎಲ್ಲರ ನಡುವೆ ಚಾಪೆಯ ಮೇಲೆ ಚಕ್ಕಮಟ್ಟೆ ಹಾಕಿ ಕುಳಿತು, ತಿನ್ನತೊಡಗಿದಳು.

"ಏನ ಮಾಡಾಕತ್ತೀ ಮೆಹರೀನ?" ಗುಲ್ಶನ ತಟ್ಟೆಗೆ ಕೈ ಚಾಚಿದಳು.

"ಊಟ ಮಾಡಾಕತ್ತೇನಿ ಅಮ್ಮಿ. ಡಾಕ್ಟರ್ ಹೇಳ್ಯಾರ." ಶಮಶಾದಬಿಯ ಕಡೆ ತಿರುಗಿದಳು. "ನಿಮ್ಮ ಬಳಿ ತಗೊಂಡ ಹೋಗ್ರಿ. ನನಗ ಅದು ಸಣ್ಣದಾಗತೈತಿ."

ಬಾಗಿಲಲ್ಲಿ ಬಾಬಾಜಾನ ನಿಂತಿದ್ದ. ಗ್ಯಾರೇಜಿನಿಂದ ಹಾಗೆಯೇ ಬಂದಿದ್ದ; ಕೈಗೆಲ್ಲ ಗ್ರೀಸು. ಅವನು ಬೀಗರನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಒಳಗೆ ಹೋಗಿ, ಕೈ ತೊಳೆದು, ಶಿರಾದ ಪಾತ್ರೆಯನ್ನೇ ತಂದು ಮಗಳ ಪಕ್ಕದಲ್ಲಿಟ್ಟು ಕುಳಿತ. "ಇನ್ನಷ್ಟ ಹಾಕ್ಲ್ಯಾ?" ಎಂದು ಕೇಳಿದ.

ಶಮಶಾದಬಿ ಬಳೆಯನ್ನು ಪರ್ಸಿಗೆ ಹಾಕಿಕೊಂಡು ಎದ್ದಳು. ಹುಡುಗಿಗೆ ಜ್ವರ ತಲೆಗೇರಿದೆ ಎಂದು ಹಳಿಯಾಳದ ತುಂಬ ಹೇಳಿದಳಂತೆ. ಗುಲ್ಶನ ಕೆಲವು ದಿನ ಮಗಳ ಜೊತೆ ಮಾತು ಬಿಟ್ಟಳು. ಮಾತಿಲ್ಲದೆಯೇ ಅವಳ ತಟ್ಟೆಗೆ ತುಪ್ಪ ಬಡಿಸಿದಳು. ಮೊಳೆಗೆ ಬರೀ ಕ್ಯಾಲೆಂಡರು ಉಳಿಯಿತು.

ಮುಂದಿನ ಮಳೆಗಾಲಕ್ಕೆ ಕಾಲೇಜಿನಲ್ಲಿ ಮತ್ತೆ ಶಿಬಿರ. ಅದೇ ಕೋಣೆ, ಅದೇ ನರ್ಸು. ಕಟ್ಟೆಯ ಮೇಲೆ ಅದೇ ಮಾತು, ತೋಳು ಇಳಿಯುತ್ತದೆ, ಮೈ ಬರುತ್ತದೆ. ಮೆಹರೀನಳ ತಲೆಯ ಮೇಲೆ ಗಿಡ್ಡ ಕೂದಲು ಬಂದಿತ್ತು, ಕೈಗೆ ಎರಡು-ಎಂಟರ ಬಳೆ. ಅವಳು ಪಾಳಿಯಲ್ಲಿ ನಿಂತು ತೋಳು ಏರಿಸಿದಳು. ನರ್ಸು ಮುಖ ನೋಡಿದಳು, ಗುರುತು ಹಿಡಿದಳು. ಕಣ್ಣರಳಿಸಿದಳು.

"ಏ, ಹೋದ ವರ್ಷ ಇಲ್ಲಿಂದ ಎದ್ದ ಹೋದಾಕಿ ನೀನ ಅಲ್ಲ? ಎಷ್ಟ ಇಳದೀಯವಾ! ಏನ ಮಾಡಿದಿ?"

ಹಿಂದಿನ ಹುಡುಗಿಯರು ಕಿವಿ ನಿಮಿರಿಸಿ ಮುಂದೆ ಬಾಗಿದರು. ಎಲ್ಲರಿಗೂ ಆ ಗುಟ್ಟು ಬೇಕಿತ್ತು.

"ಏನೂ ಮಾಡ್ಲಿಲ್ರಿ ಸಿಸ್ಟರ್," ಎಂದಳು ಮೆಹರೀನ, ಇಡೀ ಕೋಣೆಗೆ ಕೇಳುವ ಹಾಗೆ. "ನೀವು ನಕ್ಕಿರಿ, ನಾ ಈ ಸೂಜಿ ಬಿಟ್ಟ ಹೋದೆ. ಅಷ್ಟ."

ಯಾರೂ ನಗಲಿಲ್ಲ. ನರ್ಸು ತಲೆ ತಗ್ಗಿಸಿ, ಹತ್ತಿ ತೋಯಿಸಿ, ಆ ದೊಡ್ಡ ತೋಳನ್ನು ಒರೆಸಿದಳು.